ಕರ್ನಾಟಕದಲ್ಲಿ ಬಳಸಿದ ವಸ್ತುಗಳ ಖರೀದಿ

ಬಳಸಿದ ವಸ್ತುಗಳ ಖರೀದಿ ಎಂದರೆ ಒಬ್ಬರು ಈಗಾಗಲೇ ಕೊಂಡು ಉಪಯೋಗಿಸಿದ ವಸ್ತುವನ್ನು ಮತ್ತೊಬ್ಬರು ಹಣ ಕೊಟ್ಟು ಅಥವಾ ವಿನಿಮಯದ ಮೂಲಕ ಪಡೆದು ಮರಳಿ ಬಳಸುವುದು. ಪುಸ್ತಕ, ಬಟ್ಟೆ, ಪೀಠೋಪಕರಣ, ಮೊಬೈಲ್ ಫೋನ್, ಗಣಕಯಂತ್ರ, ದ್ವಿಚಕ್ರ ವಾಹನ, ಕಾರು, ಟ್ರ್ಯಾಕ್ಟರ್ ಮತ್ತು ನೀರೆತ್ತುವ ಪಂಪುಗಳು ಕರ್ನಾಟಕದಲ್ಲಿ ಹೀಗೆ ಕೈ ಬದಲಾಯಿಸುವ ಮುಖ್ಯ ವಸ್ತುಗಳಾಗಿವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳಿಂದ ವಿಜಯಪುರ ಜಿಲ್ಲೆಯ ವಾರದ ಸಂತೆಗಳವರೆಗೆ ಈ ವ್ಯಾಪಾರ ಹರಡಿಕೊಂಡಿದೆ. ಕಡಿಮೆ ಬೆಲೆಯೇ ಇದರ ಪ್ರಧಾನ ಆಕರ್ಷಣೆ. ಮುದ್ರಣ ನಿಂತುಹೋದ ಪುಸ್ತಕ ಅಥವಾ ಈಗ ತಯಾರಾಗದ ಯಂತ್ರದ ಬಿಡಿಭಾಗ ದೊರೆಯುವುದು ಮತ್ತು ತ್ಯಾಜ್ಯದ ಪ್ರಮಾಣ ಕಡಿಮೆಯಾಗುವುದು ಇತರ ಕಾರಣಗಳು. ಹೊಸ ವಸ್ತುವಿಗೆ ಇರುವ ಖಾತರಿ ಹಳೆಯದಕ್ಕೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ವಸ್ತುವಿನ ಸ್ಥಿತಿ, ಮಾಲೀಕತ್ವ ಮತ್ತು ದಾಖಲೆಗಳನ್ನು ಪರಿಶೀಲಿಸುವ ಹೊಣೆ ಬಹುಮಟ್ಟಿಗೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

## ಪದಬಳಕೆ

ಆಡುಮಾತಿನಲ್ಲಿ 'ಸೆಕೆಂಡ್ ಹ್ಯಾಂಡ್' ಎಂಬ ಪದವೇ ಹೆಚ್ಚು ರೂಢಿಯಲ್ಲಿದೆ. ದಕ್ಷಿಣ ಕರ್ನಾಟಕದಲ್ಲಿ ಹಳೆಯ ಕಬ್ಬಿಣ, ಕಾಗದ, ಪಾತ್ರೆ ಮತ್ತು ಯಂತ್ರದ ಬಿಡಿಭಾಗಗಳ ವ್ಯಾಪಾರವನ್ನು 'ಗುಜರಿ' ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಅರ್ಥದಲ್ಲಿ 'ಮೋಡಕಾ' ಎಂಬ ಪದ ಬಳಕೆಯಲ್ಲಿದೆ. ಇದು ಮುರಿದದ್ದು ಎಂಬ ಅರ್ಥದ ಮರಾಠಿ ಪದದಿಂದ ಬಂದಿದೆ. ಹರಾಜಿಗೆ ಈ ಭಾಗದಲ್ಲಿ 'ಲಿಲಾವು' ಎಂಬ ಹೆಸರೂ ಇದೆ.

ಗುಜರಿ ಮತ್ತು ಸೆಕೆಂಡ್ ಹ್ಯಾಂಡ್ ಪದಗಳ ನಡುವೆ ಸೂಕ್ಷ್ಮ ವ್ಯತ್ಯಾಸವಿದೆ. ಗುಜರಿಗೆ ಹೋಗುವ ವಸ್ತುವನ್ನು ಅದರ ತೂಕ ಅಥವಾ ಬಿಡಿಭಾಗಗಳಿಗಾಗಿ ಕೊಳ್ಳಲಾಗುತ್ತದೆ. ಸೆಕೆಂಡ್ ಹ್ಯಾಂಡ್ ಎನಿಸಿಕೊಳ್ಳುವ ವಸ್ತುವನ್ನು ಅದು ಮೊದಲು ಮಾಡುತ್ತಿದ್ದ ಕೆಲಸಕ್ಕಾಗಿಯೇ ಕೊಳ್ಳಲಾಗುತ್ತದೆ. ಒಂದೇ ಹಳೆಯ ಮೋಟಾರು ದುರಸ್ತಿಗಾರನ ಕೈ ಸೇರಿದರೆ ಎರಡನೆಯ ಗುಂಪಿಗೂ, ತಕ್ಕಡಿಯ ಮೇಲೆ ಕುಳಿತರೆ ಮೊದಲನೆಯ ಗುಂಪಿಗೂ ಸೇರುತ್ತದೆ.

## ಹಿನ್ನೆಲೆ

### ಮನೆಯೊಳಗಿನ ಮರುಬಳಕೆ

ವಸ್ತುವನ್ನು ಪೂರ್ತಿ ಸವೆಯುವವರೆಗೆ ಬಳಸುವುದು ಕರ್ನಾಟಕದ ಗ್ರಾಮೀಣ ಬದುಕಿನ ಹಳೆಯ ಪದ್ಧತಿ. ಉತ್ತರ ಕರ್ನಾಟಕದ ಕೌದಿ ಇದಕ್ಕೆ ಸ್ಪಷ್ಟ ಉದಾಹರಣೆಯಾಗಿದೆ. ಹಳೆಯ ಸೀರೆ, ಧೋತರ ಮತ್ತು ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದ ಸಾಲುಸಾಲಾಗಿ ಹೊಲಿದು ಹಾಸಲು ಮತ್ತು ಹೊದೆಯಲು ಬರುವ ಕೌದಿಯನ್ನು ಸಿದ್ಧಪಡಿಸಲಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಮತ್ತು ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳು ತಮ್ಮ ವರ್ಣವಿನ್ಯಾಸದಿಂದ ವಿದೇಶಗಳಲ್ಲಿಯೂ ಹೆಸರು ಪಡೆದಿವೆ. ನವಜಾತ ಶಿಶುವಿಗೆ ಹೊಸ ಬಟ್ಟೆಯ ಬದಲು ಹಿರಿಯರು ಉಟ್ಟು ಮೆತ್ತಗಾದ ಹತ್ತಿಯ ಬಟ್ಟೆಯನ್ನು ಸುತ್ತುವ ರೂಢಿಯೂ ಅನೇಕ ಮನೆತನಗಳಲ್ಲಿದೆ.

### ವಿನಿಮಯ ವ್ಯಾಪಾರ

ಹಳೆಯ ಬಟ್ಟೆಗೆ ಉಕ್ಕಿನ ಪಾತ್ರೆ ಕೊಡುವ, ಹಳೆಯ ಕಬ್ಬಿಣ ಮತ್ತು ಪ್ಲಾಸ್ಟಿಕ್ಕಿಗೆ ಬೆಳ್ಳುಳ್ಳಿ ಅಥವಾ ಉಳ್ಳಾಗಡ್ಡಿ ತೂಗಿಕೊಡುವ ಅಲೆಮಾರಿ ವ್ಯಾಪಾರಿಗಳು ಊರೂರು ಸುತ್ತುತ್ತಾರೆ. ಹೀಗೆ ಸಂಗ್ರಹವಾದ ಬಟ್ಟೆಗಳಲ್ಲಿ ಉಡಲು ಯೋಗ್ಯವಾದವುಗಳನ್ನು ಬೇರ್ಪಡಿಸಿ, ಒಗೆದು, ಹೊಲಿದು, ಇಸ್ತ್ರಿ ಮಾಡಿ ಸಂತೆ ಮತ್ತು ಪಾದಚಾರಿ ಮಾರ್ಗಗಳಲ್ಲಿ ಮಾರಲಾಗುತ್ತದೆ. ಹರಿದವು ಯಂತ್ರ ಒರೆಸುವ ಬಟ್ಟೆಯಾಗಿ ಗ್ಯಾರೇಜುಗಳನ್ನು ಸೇರುತ್ತವೆ. ಬೆಳ್ಳಿಯ ಎಳೆಯಿರುವ ಹಳೆಯ ಜರಿ ಸೀರೆಗಳನ್ನು ಕೊಳ್ಳುವ ವ್ಯಾಪಾರಿಗಳು ಪ್ರತ್ಯೇಕವಾಗಿದ್ದು, ಜರಿಯನ್ನು ಕರಗಿಸಿ ಅದರಲ್ಲಿನ ಬೆಳ್ಳಿಯನ್ನು ಹೊರತೆಗೆಯಲಾಗುತ್ತದೆ.

### ದನದ ಸಂತೆಯಿಂದ ಟ್ರ್ಯಾಕ್ಟರಿನವರೆಗೆ

ಯಂತ್ರಗಳು ಬರುವ ಮೊದಲು ರೈತ ಕುಟುಂಬವೊಂದು ಇನ್ನೊಬ್ಬರ ಕೈಯಿಂದ ಕೊಳ್ಳುತ್ತಿದ್ದ ಅತ್ಯಂತ ದುಬಾರಿ ಆಸ್ತಿ ಎಂದರೆ ದುಡಿಯುವ ಎತ್ತಿನ ಜೋಡಿ. ಎತ್ತಿನ ವಯಸ್ಸನ್ನು ಮಾರುವವನ ಮಾತಿನಿಂದಲ್ಲ, ಹಲ್ಲಿನಿಂದ ತಿಳಿಯಲಾಗುತ್ತಿತ್ತು. ಕೆಳದವಡೆಯ ಮುಂದಿನ ಶಾಶ್ವತ ಹಲ್ಲುಗಳು ಜೋಡಿಜೋಡಿಯಾಗಿ ಮೂಡುವುದರಿಂದ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸನ್ನು ಗುರುತಿಸುತ್ತಿದ್ದರು. ಎಂಟು ಹಲ್ಲೂ ಬಂದ ಮೇಲೆ ಎತ್ತು 'ಬಾಯಿಗೂಡಿತು' ಎನ್ನುತ್ತಿದ್ದರು. ನೊಗಕ್ಕೆ ಕಟ್ಟಿ ನಡೆಸಿ ನೋಡಿದ ಬಳಿಕ, ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ಸೂಚಿಸುತ್ತಿದ್ದನು. ಈ ಪದ್ಧತಿ ದನದ ಜಾತ್ರೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಎತ್ತಿನ ಸ್ಥಾನವನ್ನು ಟ್ರ್ಯಾಕ್ಟರ್ ಆಕ್ರಮಿಸಿದಾಗ ಹಲ್ಲು ನೋಡುವ ಜಾಗದಲ್ಲಿ ಗಂಟೆಮಾಪಕ ನೋಡುವ ಕ್ರಮ ಬಂದಿತು.

### ಅಟ್ಟದ ಮೇಲಿನ ಗ್ರಂಥಗಳು

ಹಳೆಯದೆಂದು ಮೂಲೆಗೆ ಸೇರಿದ ವಸ್ತುವಿನ ಬೆಲೆ ಕೆಲವೊಮ್ಮೆ ಹಣದ ಲೆಕ್ಕವನ್ನು ಮೀರಿರುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿ (1880–1964) ಅವರು ಮನೆ ಮತ್ತು ಮಠಗಳಲ್ಲಿ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ, ಅವುಗಳಲ್ಲಿದ್ದ ಶರಣರ ವಚನಗಳನ್ನು ಪರಿಷ್ಕರಿಸಿ ಪ್ರಕಟಿಸಿದರು. ಅವರ 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಹಳೆಯ ಕಾಗದ ಮತ್ತು ಗ್ರಂಥಗಳನ್ನು ತೂಕಕ್ಕೆ ಹಾಕುವ ಮುನ್ನ ಪರಿಶೀಲಿಸಬೇಕೆಂಬ ವಾದಕ್ಕೆ ಈ ಸಂಗ್ರಹಕಾರ್ಯವು ಬಲವಾದ ನಿದರ್ಶನವಾಗಿದೆ.

## ಆಕರ್ಷಣೆಯ ಕಾರಣಗಳು

### ಬೆಲೆ

ಹೊಸ ವಸ್ತು ಅಂಗಡಿಯಿಂದ ಹೊರಬಿದ್ದ ಕೂಡಲೇ ಅದರ ಮಾರಾಟ ಬೆಲೆ ಕುಸಿಯತೊಡಗುತ್ತದೆ. ಭಾರತದಲ್ಲಿ ವಾಹನ ವಿಮೆಗಾಗಿ ರೂಢಿಯಲ್ಲಿರುವ ಸವಕಳಿ ಪಟ್ಟಿಯು ಈ ಇಳಿಕೆಯ ಸ್ಥೂಲ ಅಂದಾಜನ್ನು ಕೊಡುತ್ತದೆ. ಅದರಂತೆ ವಾಹನದ ಮೌಲ್ಯದಲ್ಲಿ ಕಳೆಯಲಾಗುವ ಪ್ರಮಾಣ ಹೀಗಿದೆ:

- 6 ತಿಂಗಳವರೆಗೆ – ಶೇ. 5
- 6 ತಿಂಗಳಿಂದ 1 ವರ್ಷದವರೆಗೆ – ಶೇ. 15
- 1ರಿಂದ 2 ವರ್ಷ – ಶೇ. 20
- 2ರಿಂದ 3 ವರ್ಷ – ಶೇ. 30
- 3ರಿಂದ 4 ವರ್ಷ – ಶೇ. 40
- 4ರಿಂದ 5 ವರ್ಷ – ಶೇ. 50

ವಾಹನದ ಬೆಲೆ ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿದರೂ, ಚೆನ್ನಾಗಿ ನೋಡಿಕೊಂಡ ವಾಹನದ ಬಾಳಿಕೆ ಅಷ್ಟೇ ವೇಗದಲ್ಲಿ ಕುಗ್ಗುವುದಿಲ್ಲ. ಈ ಅಂತರವೇ ಕೊಳ್ಳುವವರ ಲಾಭವಾಗಿದೆ. ಮೊದಲ ಮಾಲೀಕರು ಸವಕಳಿಯ ದೊಡ್ಡ ಭಾಗವನ್ನು ಭರಿಸಿರುತ್ತಾರೆ. ಸಾಲ ದೊರೆಯದ ಅಥವಾ ಸಾಲ ಮಾಡಲು ಇಚ್ಛಿಸದ ಕುಟುಂಬಗಳಿಗೆ ಬಳಸಿದ ವಾಹನವೇ ಮೊದಲ ವಾಹನವಾಗುತ್ತದೆ.

### ದುರ್ಲಭತೆ

ಮರುಮುದ್ರಣವಾಗದ ಕನ್ನಡ ಪುಸ್ತಕಗಳು, ಹಳೆಯ ನಿಯತಕಾಲಿಕೆಗಳ ಸಂಚಿಕೆಗಳು, ಗ್ರಾಮಫೋನ್ ತಟ್ಟೆಗಳು, ತಯಾರಿಕೆ ನಿಂತ ಸ್ಕೂಟರುಗಳ ಬಿಡಿಭಾಗಗಳು ಹಳೆಯ ವಸ್ತುಗಳ ಅಂಗಡಿಯಲ್ಲದೆ ಬೇರೆಡೆ ಸಿಗುವುದು ಕಷ್ಟ. ಸಂಶೋಧಕರು ಮತ್ತು ಸಂಗ್ರಾಹಕರು ಈ ಕಾರಣಕ್ಕಾಗಿ ಇಂತಹ ಅಂಗಡಿಗಳಿಗೆ ಪದೇಪದೇ ಭೇಟಿ ನೀಡುತ್ತಾರೆ. ಏನು ದೊರೆಯುತ್ತದೆ ಎಂಬುದು ಮೊದಲೇ ಗೊತ್ತಿರದಿರುವುದು ಕೂಡ ಈ ಖರೀದಿಯ ಆನಂದಗಳಲ್ಲಿ ಒಂದು.

### ಬಾಳಿಕೆ

ತೇಗ, ಬೀಟೆ ಮುಂತಾದ ಗಟ್ಟಿಮರದಲ್ಲಿ ಮಾಡಿದ ಹಳೆಯ ಪೀಠೋಪಕರಣಗಳು ಇಂದಿನ ಅದೇ ಬೆಲೆಯ ಒತ್ತುಹಲಗೆಯ ಪೀಠೋಪಕರಣಗಳಿಗಿಂತ ಹೆಚ್ಚು ಬಾಳುತ್ತವೆ. ಹಲವು ವರ್ಷ ಬಳಕೆಯಾಗಿಯೂ ಉಳಿದಿರುವ ವಸ್ತುವು ತನ್ನ ಗುಣಮಟ್ಟದ ಪರೀಕ್ಷೆಯನ್ನು ಆಗಲೇ ದಾಟಿರುತ್ತದೆ.

### ಪರಿಸರ

ತ್ಯಾಜ್ಯ ನಿರ್ವಹಣೆಯ ಕ್ರಮದಲ್ಲಿ ಮರುಬಳಕೆಗೆ ವಸ್ತುವನ್ನು ಕರಗಿಸಿ ಮತ್ತೆ ತಯಾರಿಸುವುದಕ್ಕಿಂತ ಮೇಲಿನ ಸ್ಥಾನವಿದೆ. ಒಂದು ಹತ್ತಿಯ ಅಂಗಿಯನ್ನು ತಯಾರಿಸಲು, ಹತ್ತಿ ಬೆಳೆಯುವುದೂ ಸೇರಿದಂತೆ, ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆ ಎಂಬುದು ವ್ಯಾಪಕವಾಗಿ ಉಲ್ಲೇಖವಾಗುವ ಅಂದಾಜು. ಫೋನ್ ಮತ್ತು ಗಣಕಯಂತ್ರಗಳ ವಿಷಯದಲ್ಲಿ ತಯಾರಿಕೆಯ ಹಂತದಲ್ಲಿಯೇ ಲೋಹ ಮತ್ತು ವಿದ್ಯುತ್ತಿನ ಹೆಚ್ಚಿನ ಬಳಕೆಯಾಗುವುದರಿಂದ ಅವುಗಳ ಆಯುಷ್ಯವನ್ನು ಹಿಗ್ಗಿಸುವುದು ಮಹತ್ವ ಪಡೆಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಹಳೆಯ ಉಪಕರಣಗಳನ್ನು ದುರಸ್ತಿ ಮಾಡಿ ನವೀಕರಿಸುವವರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ ನೋಂದಣಿಯನ್ನು ಕಡ್ಡಾಯಗೊಳಿಸಿವೆ.

## ಮಾಹಿತಿಯ ಅಸಮಾನತೆ

ಬಳಸಿದ ವಸ್ತುವಿನ ನಿಜಸ್ಥಿತಿ ಮಾರುವವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಸ್ಥಿತಿಯ ಪರಿಣಾಮವನ್ನು ವಿವರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗ್ರಾಹಕನು ಎರಡಕ್ಕೂ ನಡುವಿನ ಒಂದು ಬೆಲೆಯನ್ನು ಮಾತ್ರ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರನ್ನು ಮಾರಲು ಅದರ ಮಾಲೀಕ ಒಪ್ಪುವುದಿಲ್ಲ. ಹೀಗೆ ಒಳ್ಳೆಯ ಕಾರುಗಳು ಮಾರುಕಟ್ಟೆಯಿಂದ ಹಿಂದೆ ಸರಿದು, ಉಳಿದವುಗಳ ಸರಾಸರಿ ಗುಣಮಟ್ಟ ಮತ್ತು ಬೆಲೆ ಎರಡೂ ಇಳಿಯುತ್ತವೆ. ಅಸಮಾನ ಮಾಹಿತಿಯ ಮಾರುಕಟ್ಟೆಗಳ ಅಧ್ಯಯನಕ್ಕಾಗಿ ಅಕರ್ಲಾಫ್ ಅವರು 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿಯನ್ನು ಹಂಚಿಕೊಂಡರು.

ಈ ಕೊರತೆಯನ್ನು ತುಂಬಲು ಸಮಾಜವು ಹಲವು ಉಪಾಯಗಳನ್ನು ಕಂಡುಕೊಂಡಿದೆ. ಎತ್ತಿನ ಹಲ್ಲು ನೋಡುವುದು, ಪರಿಚಿತ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯುವುದು, ಬಂಧುಗಳ ಅಥವಾ ಊರವರ ಬಳಿಯೇ ಕೊಳ್ಳುವುದು ಹಳೆಯ ವಿಧಾನಗಳು. ವ್ಯಾಪಾರ ಸಂಸ್ಥೆಗಳು ನೀಡುವ ತಪಾಸಣಾ ವರದಿ ಮತ್ತು ಸೀಮಿತ ಅವಧಿಯ ಖಾತರಿ ಹೊಸ ವಿಧಾನಗಳು. ಒಂದೇ ಸ್ಥಳದಲ್ಲಿ ದೀರ್ಘಕಾಲ ವ್ಯಾಪಾರ ಮಾಡುವ ಅಂಗಡಿಯವನಿಗೆ ತನ್ನ ಹೆಸರನ್ನು ಉಳಿಸಿಕೊಳ್ಳುವ ಅಗತ್ಯವಿರುವುದರಿಂದ, ಅಪರಿಚಿತ ವ್ಯಕ್ತಿಗಿಂತ ಅವನ ಬಳಿ ಬೆಲೆ ತುಸು ಹೆಚ್ಚಿದ್ದರೂ ಗ್ರಾಹಕರು ಅಲ್ಲಿಗೆ ಹೋಗುತ್ತಾರೆ.

## ಪ್ರಮುಖ ಸ್ಥಳಗಳು

### ಬೆಂಗಳೂರು

ಅವೆನ್ಯೂ ರಸ್ತೆ ಬೆಂಗಳೂರು ಪೇಟೆಯ ಹಳೆಯ ಬೀದಿಗಳಲ್ಲಿ ಒಂದಾಗಿದ್ದು, ಹಿಂದೆ ದೊಡ್ಡಪೇಟೆ ಎಂದು ಕರೆಯಲ್ಪಡುತ್ತಿತ್ತು. ಮೈಸೂರು ಬ್ಯಾಂಕ್ ವೃತ್ತದ ಕಡೆಯಿಂದ ಈ ರಸ್ತೆಯ ಉದ್ದಕ್ಕೂ ಹಳೆಯ ಹಾಗೂ ಹೊಸ ಪಠ್ಯಪುಸ್ತಕಗಳ ಅಂಗಡಿಗಳು ಮತ್ತು ಪಾದಚಾರಿ ಮಾರ್ಗದ ಮಳಿಗೆಗಳು ಇವೆ. ಪದವಿಪೂರ್ವ, ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಿಗಾಗಿ ರಾಜ್ಯದ ನಾನಾ ಭಾಗಗಳ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ವರ್ಷದ ಕೊನೆಯಲ್ಲಿ ಪುಸ್ತಕವನ್ನು ಮರಳಿ ಮಾರುವ ಅವಕಾಶವಿರುವುದರಿಂದ ಓದುಗನಿಗೆ ತಗಲುವ ನಿಜವಾದ ವೆಚ್ಚ ಇನ್ನೂ ಕಡಿಮೆಯಾಗುತ್ತದೆ.

ಚರ್ಚ್ ಸ್ಟ್ರೀಟ್ ಮತ್ತು ಬ್ರಿಗೇಡ್ ರಸ್ತೆಯ ಪ್ರದೇಶವು ಸಾಹಿತ್ಯ ಹಾಗೂ ಸಾಮಾನ್ಯ ಓದಿನ ಹಳೆಯ ಪುಸ್ತಕಗಳಿಗೆ ಹೆಸರಾಗಿದೆ. 1945ರಲ್ಲಿ ಆರಂಭವಾದ ಸೆಲೆಕ್ಟ್ ಬುಕ್ ಶಾಪ್ ಅಪರೂಪದ ಪುಸ್ತಕಗಳಿಗೆ ಪ್ರಸಿದ್ಧವಾಗಿದೆ. ಬ್ಲಾಸಮ್ ಬುಕ್ ಹೌಸ್ ಮತ್ತು ಬುಕ್‌ವರ್ಮ್ ಅಂಗಡಿಗಳಲ್ಲಿ ಹೊಸ ಮತ್ತು ಹಳೆಯ ಪುಸ್ತಕಗಳು ಒಟ್ಟಿಗೆ ದೊರೆಯುತ್ತವೆ.

ಚಿಕ್ಕಪೇಟೆ ಸಮೀಪದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾಗದಲ್ಲಿ ಭಾನುವಾರ ನಡೆಯುವ 'ಸಂಡೆ ಬಜಾರ್' ಬಟ್ಟೆ, ಪಾದರಕ್ಷೆ, ಉಪಕರಣ, ಹಳೆಯ ಕ್ಯಾಮೆರಾ, ಗಡಿಯಾರ, ನಾಣ್ಯ ಮುಂತಾದವುಗಳ ಬೀದಿ ಮಾರುಕಟ್ಟೆಯಾಗಿದೆ. ಒಳ್ಳೆಯ ವಸ್ತುಗಳಿಗಾಗಿ ಸಂಗ್ರಾಹಕರು ಬೆಳಗಿನ ಹೊತ್ತಿನಲ್ಲಿಯೇ ಬರುತ್ತಾರೆ. ಸಾದರ ಪತ್ರಪ್ಪ ರಸ್ತೆಯು (ಎಸ್.ಪಿ. ರಸ್ತೆ) ವಿದ್ಯುನ್ಮಾನ ಬಿಡಿಭಾಗ ಮತ್ತು ಗಣಕಯಂತ್ರಗಳಿಗೂ, ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೂ, ಶಿವಾಜಿನಗರದ ಗುಜರಿ ಬೀದಿಗಳು ಕಳಚಿದ ವಾಹನಗಳ ಭಾಗಗಳಿಗೂ ಹೆಸರಾಗಿವೆ.

### ಮೈಸೂರು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವು ದೀರ್ಘಕಾಲ ಹಳೆಯ ಪುಸ್ತಕದ ಅಂಗಡಿಗಳ ನೆಲೆಯಾಗಿತ್ತು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗೆ 1892ರಲ್ಲಿ ನಿರ್ಮಾಣವಾದ ಈ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜೀವಹಾನಿ ಸಂಭವಿಸಿತು. ಅದರ ನಂತರ ಅಲ್ಲಿನ ಅಂಗಡಿಗಳು ತೆರವಾದವು. ಹಳೆಯ ವಸ್ತುಗಳ ವ್ಯಾಪಾರವು ಕಡಿಮೆ ಬಾಡಿಗೆಯ ಹಳೆಯ ಕಟ್ಟಡಗಳನ್ನು ಅವಲಂಬಿಸಿರುತ್ತದೆ, ಅಂತಹ ಕಟ್ಟಡ ಹೋದರೆ ವ್ಯಾಪಾರವೂ ಚದುರಿಹೋಗುತ್ತದೆ ಎಂಬುದನ್ನು ಈ ಘಟನೆ ತೋರಿಸಿತು.

### ವಿಜಯಪುರ ಜಿಲ್ಲೆ

ಸಿಂದಗಿ, ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಪ್ರತ್ಯೇಕವಾದ ಹಳೆಯ ವಸ್ತುಗಳ ಬೀದಿಗಳಿಗಿಂತ ವಾರದ ಸಂತೆ, ಗ್ಯಾರೇಜು, ಮೋಟಾರು ದುರಸ್ತಿ ಅಂಗಡಿ ಮತ್ತು ಬಾಯಿಮಾತಿನ ಮೂಲಕವೇ ಹೆಚ್ಚಿನ ವ್ಯವಹಾರ ನಡೆಯುತ್ತದೆ. ಸಿಂದಗಿ ತಾಲ್ಲೂಕಿನ ಮೋರಟಗಿಯಂತಹ ಊರುಗಳಲ್ಲಿ ಯಾರ ಮನೆಯ ಟ್ರ್ಯಾಕ್ಟರ್ ಅಥವಾ ಬೈಕ್ ಮಾರಾಟಕ್ಕಿದೆ ಎಂಬ ಸುದ್ದಿ ಮೊದಲು ತಿಳಿಯುವುದು ದುರಸ್ತಿಗಾರನಿಗೆ. ಊರಲ್ಲಿ ಸಿಗದ್ದನ್ನು ತಾಲ್ಲೂಕು ಕೇಂದ್ರವಾದ ಸಿಂದಗಿ, ಜಿಲ್ಲಾ ಕೇಂದ್ರವಾದ ವಿಜಯಪುರ, ಇಲ್ಲವೆ ಕಲಬುರಗಿ ಮತ್ತು ಸೊಲ್ಲಾಪುರಗಳಲ್ಲಿ ಹುಡುಕಲಾಗುತ್ತದೆ.

ಇಲ್ಲಿನ ಬೇಡಿಕೆಯು ಕೃಷಿಯ ಸುತ್ತ ಹೆಣೆದುಕೊಂಡಿದೆ. ಟ್ರ್ಯಾಕ್ಟರ್, ಟ್ರೇಲರ್, ಕುಂಟೆ ಮತ್ತು ನೇಗಿಲುಗಳು, ಕೊಳವೆಬಾವಿಯ ಮೋಟಾರುಗಳು, ನೀರಾವರಿ ಕೊಳವೆಗಳು ಬಳಸಿದ ಸ್ಥಿತಿಯಲ್ಲಿ ಮಾರಾಟವಾಗುತ್ತವೆ. ಸುಟ್ಟುಹೋದ ಮೋಟಾರಿನ ತಾಮ್ರದ ಸುರುಳಿಯನ್ನು ಬದಲಿಸಿ ಮತ್ತೆ ಕೆಲಸಕ್ಕೆ ಹಚ್ಚುವ ರಿವೈಂಡಿಂಗ್ ಅಂಗಡಿಗಳು ಈ ವ್ಯಾಪಾರದ ಬೆನ್ನೆಲುಬಾಗಿವೆ. ಮಳೆ ಕೈಕೊಟ್ಟ ವರ್ಷದಲ್ಲಿ ರೈತರು ಉಪಕರಣ ಮಾರಲು ಮುಂದಾಗುವುದರಿಂದ ಬೆಲೆ ಇಳಿಯುತ್ತದೆ, ಆದರೆ ಆ ವರ್ಷವೇ ಕೊಳ್ಳುವವರ ಕೈಯಲ್ಲಿಯೂ ಹಣ ಇರುವುದಿಲ್ಲ. ಒಬ್ಬರ ಅಗ್ಗದ ಖರೀದಿಯು ಹಲವು ಬಾರಿ ಇನ್ನೊಬ್ಬರ ಸಂಕಟದ ಮಾರಾಟವಾಗಿರುತ್ತದೆ.

ವಿಜಯಪುರ ಮತ್ತು ಧಾರವಾಡ ನಗರಗಳು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಾಗಿ ಬೆಳೆದಿವೆ. ಪರೀಕ್ಷೆ ಮುಗಿಸಿದವರ ಪುಸ್ತಕ ಮತ್ತು ಟಿಪ್ಪಣಿಗಳು ಹೊಸ ಅಭ್ಯರ್ಥಿಗಳ ಕೈಗೆ ದಾಟುತ್ತವೆ. ಹಳ್ಳಿಯಿಂದ ಬಂದು ಕೋಣೆ ಹಿಡಿದು ಓದುವ ವಿದ್ಯಾರ್ಥಿಗೆ ಮಂಚ, ಮೇಜು ಮತ್ತು ಪುಸ್ತಕಗಳು ಹೀಗೆ ದೊರೆತರೆ ಉಳಿಯುವ ಹಣ ಊಟದ ಖರ್ಚಿಗೆ ಒದಗುತ್ತದೆ.

### ಹರಾಜು

ಸರ್ಕಾರಿ ಇಲಾಖೆಗಳ ಅನುಪಯುಕ್ತ ವಾಹನ ಮತ್ತು ಸಾಮಗ್ರಿಗಳು, ಸಾಲ ತೀರದ ವಾಹನಗಳು ಮತ್ತು ಬಿಡಿಸಿಕೊಳ್ಳದ ಅಡವಿನ ಆಭರಣಗಳು ಹರಾಜಿನ ಮೂಲಕ ಮಾರಾಟವಾಗುತ್ತವೆ. ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿ ಇಂತಹ ಅನೇಕ ಹರಾಜುಗಳನ್ನು ಅಂತರಜಾಲದಲ್ಲಿ ನಡೆಸುತ್ತದೆ. ಹರಾಜಿನಲ್ಲಿ ವಸ್ತುವನ್ನು ಇದ್ದ ಸ್ಥಿತಿಯಲ್ಲಿಯೇ ಮಾರಲಾಗುವುದರಿಂದ ಬಿಡ್ ಹಾಕುವ ಮುನ್ನ ಕಣ್ಣಾರೆ ನೋಡುವುದು ಅವಶ್ಯಕ.

### ಅಂತರಜಾಲ

2008ರಲ್ಲಿ ಸ್ಥಾಪನೆಯಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಕ್ವಿಕರ್ ಮತ್ತು ಬಹುರಾಷ್ಟ್ರೀಯ ಜಾಲತಾಣವಾದ ಒಎಲ್ಎಕ್ಸ್ ಭಾರತದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟವನ್ನು ಜನಪ್ರಿಯಗೊಳಿಸಿದವು. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮತ್ತು ವಾಟ್ಸ್ಆ್ಯಪ್ ಗುಂಪುಗಳು ಸಣ್ಣ ಪಟ್ಟಣ ಮತ್ತು ಹಳ್ಳಿಗಳನ್ನೂ ತಲುಪಿವೆ. ನವೀಕರಿಸಿದ ಫೋನುಗಳಿಗೆ ಕ್ಯಾಶಿಫೈ, ಕಾರುಗಳಿಗೆ ಕಾರ್ಸ್24 ಮತ್ತು ಸ್ಪಿನ್ನಿಯಂತಹ ಸಂಸ್ಥೆಗಳು ತಾವೇ ಕೊಂಡು, ತಪಾಸಣೆ ಮಾಡಿ ಮಾರುತ್ತವೆ.

## ಕಾನೂನು

### ಮಾಲೀಕತ್ವ

ಸರಕುಗಳ ಮಾರಾಟ ಕಾಯ್ದೆ, 1930ರ 27ನೇ ಕಲಮಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ದೊರೆಯುವುದಿಲ್ಲ. ಕಳವಾದ ಫೋನನ್ನು ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡಿದ್ದರೂ ಅದು ನಿಜವಾದ ಮಾಲೀಕನಿಗೆ ಸೇರುತ್ತದೆ. ಕಳವಿನ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಅಡಿಯಲ್ಲಿ ಅಪರಾಧವಾಗಿದೆ.

### ವಾಹನ ವರ್ಗಾವಣೆ

ಮೋಟಾರು ವಾಹನ ಕಾಯ್ದೆ, 1988ರ 50ನೇ ಕಲಮಿನಂತೆ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮಾರಿದವರು 14 ದಿನಗಳೊಳಗೆ ಮತ್ತು ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕೆ 29 ಮತ್ತು 30ನೇ ನಮೂನೆಗಳನ್ನು ಬಳಸಲಾಗುತ್ತದೆ. ಸಾಲದ ಮೇಲೆ ಕೊಂಡ ವಾಹನವಾಗಿದ್ದರೆ ಸಾಲ ನೀಡಿದ ಸಂಸ್ಥೆಯ ಹಕ್ಕನ್ನು 35ನೇ ನಮೂನೆಯ ಮೂಲಕ ದಾಖಲೆಯಿಂದ ತೆಗೆಸಬೇಕು.

ಹಳ್ಳಿಗಳಲ್ಲಿ ಸಹಿ ಮಾಡಿದ ಖಾಲಿ ನಮೂನೆಗಳೊಂದಿಗೆ ವಾಹನವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ನೋಂದಣಿಯನ್ನು ಮಾತ್ರ ಮೊದಲ ಮಾಲೀಕನ ಹೆಸರಿನಲ್ಲಿಯೇ ಬಿಡುವ ರೂಢಿಯಿದೆ. ಇದರ ಪರಿಣಾಮ ಗಂಭೀರವಾಗಿರಬಹುದು. ಹಲವು ಬಾರಿ ಕೈ ಬದಲಾಯಿಸಿದರೂ ವರ್ಗಾವಣೆ ದಾಖಲಾಗದಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಾಯ್ದೆಯ ಅರ್ಥದಲ್ಲಿ ಮಾಲೀಕರೆಂದು ಪರಿಗಣಿಸಿ ಪರಿಹಾರದ ಹೊಣೆಯನ್ನು ಅವರ ಮೇಲೆ ಹೊರಿಸಿತು. ವಾಹನವನ್ನು ವರ್ಷಗಳ ಹಿಂದೆ ಮಾರಿದ ವ್ಯಕ್ತಿಯೂ ಹೀಗೆ ತಾನು ಕಾಣದ ಅಪಘಾತಕ್ಕೆ ಹೊಣೆಗಾರನಾಗಬಲ್ಲನು. ವರ್ಗಾವಣೆಯಾಗದ ದಾಖಲೆಯಿಂದ ಕೊಂಡವರಿಗಿಂತ ಮಾರಿದವರಿಗೇ ಹೆಚ್ಚು ಅಪಾಯವಿದೆ.

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ವಿಜಯಪುರ ಜಿಲ್ಲೆಯಲ್ಲಿ, ಸ್ಥಳೀಯ ಕೆಎ-28 ಸಂಖ್ಯೆಯ ವಾಹನಗಳ ಜೊತೆಗೆ ಸೊಲ್ಲಾಪುರದ ಎಂಎಚ್-13 ಸಂಖ್ಯೆಯ ವಾಹನಗಳೂ ಮಾರಾಟಕ್ಕೆ ಬರುತ್ತವೆ. ಇಂತಹ ವಾಹನಕ್ಕೆ ಮೂಲ ನೋಂದಣಿ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇರಿಸಿಕೊಂಡರೆ ಇಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ. ಇಲ್ಲಿನ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಗ್ಗವೆನಿಸಿದ ಬೆಲೆ ಅಗ್ಗವಾಗಿ ಉಳಿಯದಿರಬಹುದು.

2023ರ ಏಪ್ರಿಲ್ 1ರಿಂದ ಬಳಸಿದ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯುವ ವ್ಯವಸ್ಥೆ ಜಾರಿಗೆ ಬಂದಿದೆ. ವಾಹನವನ್ನು ಇಂತಹ ವ್ಯಾಪಾರಿಗೆ ಒಪ್ಪಿಸಿ ಪ್ರಾಧಿಕಾರಕ್ಕೆ ತಿಳಿಸಿದ ಬಳಿಕ ಅದರ ಹೊಣೆ ವ್ಯಾಪಾರಿಗೆ ಸೇರುತ್ತದೆ.

### ತೆರಿಗೆ ಮತ್ತು ಗ್ರಾಹಕ ರಕ್ಷಣೆ

ಜಿಎಸ್‌ಟಿ ಅಡಿ ನೋಂದಾಯಿತರಾದ ವ್ಯಾಪಾರಿಗಳು ಹಳೆಯ ವಾಹನ ಮಾರಿದಾಗ ಅವರ ಲಾಭಾಂಶದ ಮೇಲೆ ಮಾತ್ರ ತೆರಿಗೆ ಬೀಳುತ್ತದೆ. 2025ರ ಜನವರಿಯಿಂದ ಇದರ ದರವನ್ನು ಶೇ. 18ಕ್ಕೆ ಏಕರೂಪಗೊಳಿಸಲಾಯಿತು. ಸ್ವಂತ ಬಳಕೆಯ ವಾಹನವನ್ನು ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಈ ತೆರಿಗೆ ಇಲ್ಲ. ವ್ಯಾಪಾರವಾಗಿ ಮಾರುವವರು ವಸ್ತುವಿನ ಬಗ್ಗೆ ಸುಳ್ಳು ಹೇಳಿದ್ದರೆ ಗ್ರಾಹಕ ರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಇದಕ್ಕೆ ಬರಹದ ರಸೀದಿ ಮುಖ್ಯ ಆಧಾರವಾಗುತ್ತದೆ.

### ಪುಸ್ತಕ ಮತ್ತು ಪ್ರಾಚೀನ ವಸ್ತುಗಳು

ಕೃತಿಸ್ವಾಮ್ಯ ಕಾಯ್ದೆ, 1957ರ 14ನೇ ಕಲಮು ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಪ್ರಕಾಶಕರ ವಿತರಣಾ ಹಕ್ಕಿನಿಂದ ಹೊರಗಿಡುತ್ತದೆ. ಆದ್ದರಿಂದ ಹಳೆಯ ಪುಸ್ತಕದ ಮಾರಾಟ ಕಾನೂನುಬದ್ಧವಾಗಿದೆ. ಪಾದಚಾರಿ ಮಾರ್ಗಗಳಲ್ಲಿ ಸಿಗುವ ನಕಲಿ ಮುದ್ರಣಗಳಿಗೆ ಈ ರಕ್ಷಣೆ ಇಲ್ಲ.

ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ, 1972ರ ಪ್ರಕಾರ 100 ವರ್ಷಕ್ಕಿಂತ ಹಳೆಯದಾದ ಶಿಲ್ಪ, ನಾಣ್ಯ, ಕಲಾಕೃತಿ ಮುಂತಾದವು ಮತ್ತು 75 ವರ್ಷಕ್ಕಿಂತ ಹಳೆಯದಾದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳಾಗುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದು ನಿಷಿದ್ಧ. ಆದಿಲ್‌ಶಾಹಿ ಕಾಲದ ಅವಶೇಷಗಳಿರುವ ವಿಜಯಪುರ ಭಾಗದಲ್ಲಿ ಈ ಕಾಯ್ದೆಯ ಅರಿವು ವಿಶೇಷವಾಗಿ ಅಗತ್ಯವಾಗಿದೆ.

## ಖರೀದಿಗೆ ಮುನ್ನ ಪರಿಶೀಲನೆ

- '''ವಾಹನ:''' ನೋಂದಣಿ ಪತ್ರದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ವಾಹನದ ಮೇಲಿರುವುದರೊಂದಿಗೆ ಹೊಂದಬೇಕು. ವಿಮೆ, ಬಾಕಿ ದಂಡ ಮತ್ತು ಸಾಲದ ದಾಖಲೆಯನ್ನು ನೋಡಬೇಕು. ತಣ್ಣಗಿರುವ ಎಂಜಿನ್ನನ್ನು ತಾವೇ ಚಾಲೂ ಮಾಡಿ ಪರೀಕ್ಷಿಸುವುದು ಉತ್ತಮ, ಏಕೆಂದರೆ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನಿನಲ್ಲಿ ಚಾಲೂ ಆಗುವ ತೊಂದರೆ ಕಾಣುವುದಿಲ್ಲ.
- '''ಟ್ರ್ಯಾಕ್ಟರ್:''' ಗಂಟೆಮಾಪಕದ ಅಂಕಿಯನ್ನು ಕ್ಲಚ್, ಪೆಡಲ್ ಮತ್ತು ಟಯರುಗಳ ಸವೆತದೊಂದಿಗೆ ಹೋಲಿಸಬೇಕು. ಭಾರವನ್ನು ಎತ್ತಿಸಿ ಹೈಡ್ರಾಲಿಕ್ ವ್ಯವಸ್ಥೆ ಕೆಳಗಿಳಿಯದೆ ಹಿಡಿದು ನಿಲ್ಲುವುದೇ ಎಂದು ನೋಡಬೇಕು.
- '''ಟಯರ್:''' ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಿಕೆಯ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 1219 ಎಂದಿದ್ದರೆ 2019ರ 12ನೇ ವಾರ.
- '''ಮೊಬೈಲ್ ಫೋನ್:''' *#06# ಒತ್ತಿದಾಗ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು 2023ರ ಮೇ ತಿಂಗಳಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರಿಶೀಲಿಸಿದರೆ ಆ ಫೋನು ತಡೆಹಿಡಿಯಲ್ಪಟ್ಟಿದೆಯೇ ಎಂದು ತಿಳಿಯುತ್ತದೆ. ಹಿಂದಿನ ಬಳಕೆದಾರರ ಖಾತೆ ತೆಗೆದುಹಾಕಿರುವುದನ್ನು ಮಾರುವವರ ಎದುರಿನಲ್ಲಿಯೇ ಖಚಿತಪಡಿಸಿಕೊಳ್ಳಬೇಕು.
- '''ಪಠ್ಯಪುಸ್ತಕ:''' ಆವೃತ್ತಿ ಮತ್ತು ಪಠ್ಯಕ್ರಮದ ವರ್ಷವನ್ನು ನೋಡಬೇಕು. ಪಠ್ಯಕ್ರಮ ಬದಲಾದರೆ ಹಳೆಯ ಪುಸ್ತಕ ಅಗ್ಗವಾದರೂ ನಿರುಪಯುಕ್ತವಾಗುತ್ತದೆ.
- '''ಪೀಠೋಪಕರಣ ಮತ್ತು ಬಟ್ಟೆ:''' ಮರದ ಸಂದುಗಳಲ್ಲಿ ಗೆದ್ದಲು ಮತ್ತು ತಿಗಣೆಯ ಗುರುತುಗಳನ್ನು ಹುಡುಕಬೇಕು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ ಬಳಸಬೇಕು.

ಹೆಲ್ಮೆಟ್, ಮಕ್ಕಳ ಸುರಕ್ಷಾ ಆಸನ, ಅಡುಗೆ ಅನಿಲದ ರೆಗ್ಯುಲೇಟರ್ ಮತ್ತು ಕೊಳವೆ, ಔಷಧಿಗಳು ಇತ್ಯಾದಿಗಳನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವುದು ಸುರಕ್ಷಿತವಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರದ ಹಾನಿ ಹೊರಗಿನಿಂದ ಕಾಣುವುದಿಲ್ಲ.

ಅಂತರಜಾಲದ ವ್ಯವಹಾರದಲ್ಲಿ ವಸ್ತುವನ್ನು ನೋಡುವ ಮೊದಲೇ ಮುಂಗಡ ಕೇಳುವುದು ವಂಚನೆಯ ಸಾಮಾನ್ಯ ಲಕ್ಷಣ. ಮಾರುವವರಿಗೆ ಹಣ ಕಳುಹಿಸುವ ನೆಪದಲ್ಲಿ ಕ್ಯೂಆರ್ ಸಂಕೇತ ಕಳುಹಿಸಿ ಯುಪಿಐ ಪಿನ್ ಹಾಕಿಸುವ ವಂಚನೆಯೂ ಇದೆ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಹಣ ಕಳೆದುಕೊಂಡವರು ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಯುವ ಸಾಧ್ಯತೆ ಹೆಚ್ಚುತ್ತದೆ.

## ಸಾಮಾಜಿಕ ದೃಷ್ಟಿ

ಇನ್ನೊಬ್ಬರು ಬಳಸಿದ್ದನ್ನು ಬಳಸುವ ಬಗ್ಗೆ ಸಮಾಜದ ಮನೋಭಾವ ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ಹಳೆಯ ಪುಸ್ತಕ, ಟ್ರ್ಯಾಕ್ಟರ್ ಅಥವಾ ಕಾರು ಕೊಂಡಿದ್ದನ್ನು ಯಾರೂ ಮರೆಮಾಚುವುದಿಲ್ಲ. ಅಪರಿಚಿತರ ಬಟ್ಟೆ ಮತ್ತು ಹಾಸಿಗೆಯ ವಿಷಯದಲ್ಲಿ ಮೈಲಿಗೆಯ ಭಾವನೆ, ಬಡತನದ ಗುರುತೆಂಬ ಸಂಕೋಚ ಎರಡೂ ಕೆಲಸ ಮಾಡುತ್ತವೆ. ಅಕ್ಕನ ಬಟ್ಟೆಯನ್ನು ತಂಗಿ ಉಡುವುದು ಸಹಜವೆನಿಸಿದರೆ, ಸಂತೆಯಿಂದ ತಂದ ಹಳೆಯ ಅಂಗಿ ಹಾಗೆನಿಸುವುದಿಲ್ಲ. ನಗರದ ಯುವಜನರಲ್ಲಿ ಇದೇ ಖರೀದಿ 'ಥ್ರಿಫ್ಟ್' ಎಂಬ ಹೆಸರಿನಲ್ಲಿ ಅಭಿರುಚಿಯ ಸಂಗತಿಯಾಗಿದ್ದು, ಇನ್‌ಸ್ಟಾಗ್ರಾಂ ಮೂಲಕ ಬಟ್ಟೆ ಮಾರುವ ಸಣ್ಣ ಅಂಗಡಿಗಳು ಹುಟ್ಟಿಕೊಂಡಿವೆ. ಬೇಡಿಕೆ ಹೆಚ್ಚಿದಂತೆ ಬೆಲೆಯೂ ಏರಿ, ಅವಶ್ಯಕತೆಗಾಗಿ ಕೊಳ್ಳುವವರಿಗೆ ವಸ್ತು ಕೈಗೆಟುಕದಂತಾಗಬಹುದು ಎಂಬ ಟೀಕೆಯೂ ಇದೆ.

ಸಂಗ್ರಹಿಸುವ, ಬೇರ್ಪಡಿಸುವ ಮತ್ತು ದುರಸ್ತಿ ಮಾಡುವ ಕೆಲಸಗಾರರ ದುಡಿಮೆ ಈ ವ್ಯಾಪಾರದ ಕಾಣದ ಭಾಗವಾಗಿದೆ. ಬೆಂಗಳೂರಿನ ಹಸಿರು ದಳದಂತಹ ಸಂಘಟನೆಗಳು ತ್ಯಾಜ್ಯ ಆಯುವವರಿಗೆ ಗುರುತಿನ ಚೀಟಿ ಮತ್ತು ಸಾಮಾಜಿಕ ಭದ್ರತೆ ದೊರಕಿಸುವ ಕೆಲಸ ಮಾಡುತ್ತಿವೆ.

## ಇತರೆಡೆಗಳಲ್ಲಿ

ಮುಂಬಯಿಯ ಚೋರ್ ಬಜಾರ್, ಕೋಲ್ಕತ್ತಾದ ಕಾಲೇಜ್ ಸ್ಟ್ರೀಟ್ ಮತ್ತು ದೆಹಲಿಯ ದರಿಯಾಗಂಜ್ ಭಾನುವಾರದ ಪುಸ್ತಕ ಮಾರುಕಟ್ಟೆ ಭಾರತದ ಪ್ರಸಿದ್ಧ ಹಳೆಯ ವಸ್ತುಗಳ ಮಾರುಕಟ್ಟೆಗಳು. ದರಿಯಾಗಂಜ್ ಮಾರುಕಟ್ಟೆಯನ್ನು 2019ರಲ್ಲಿ ರಸ್ತೆಯಿಂದ ಮಹಿಳಾ ಹಾಟ್ ಆವರಣಕ್ಕೆ ಸ್ಥಳಾಂತರಿಸಲಾಯಿತು. 1999ರಲ್ಲಿ ಅಂಶು ಗುಪ್ತಾ ಸ್ಥಾಪಿಸಿದ ಗೂಂಜ್ ಸಂಸ್ಥೆಯು ನಗರಗಳ ಹಳೆಯ ಬಟ್ಟೆಯನ್ನು ಗ್ರಾಮಗಳ ಸಾಮೂಹಿಕ ಕೆಲಸಕ್ಕೆ ಪ್ರತಿಫಲವಾಗಿ ನೀಡುವ ಮೂಲಕ ಅದನ್ನು ದಾನದ ಬದಲು ದುಡಿಮೆಯ ಗಳಿಕೆಯಾಗಿಸಿತು. ಅಮೆರಿಕದಲ್ಲಿ 1902ರಲ್ಲಿ ಬಾಸ್ಟನ್ ನಗರದಲ್ಲಿ ಆರಂಭವಾದ ಗುಡ್‌ವಿಲ್ ಮತ್ತು ಬ್ರಿಟನ್ನಿನ ಆಕ್ಸ್‌ಫ್ಯಾಮ್ ಅಂಗಡಿಗಳು ದಾನವಾಗಿ ಬಂದ ವಸ್ತುಗಳನ್ನು ಮಾರಿ ಸೇವಾಕಾರ್ಯಗಳಿಗೆ ಹಣ ಒದಗಿಸುತ್ತವೆ.

## ಇವನ್ನೂ ನೋಡಿ

- ಕೌದಿ
- ಸಂತೆ
- ಇ-ತ್ಯಾಜ್ಯ
- ಮರುಬಳಕೆ
- ವಿಜಯಪುರ ಜಿಲ್ಲೆ
- ಅವೆನ್ಯೂ ರಸ್ತೆ